ಕರ್ನಾಟಕದಲ್ಲಿ ವೈದ್ಯಕೀಯ ಶಿಕ್ಷಣ ಮತ್ತು ವಿದ್ಯಾರ್ಥಿ ಕ್ಷೇಮ

ವೈದ್ಯ ವಿದ್ಯಾರ್ಥಿ ಕ್ಷೇಮ ಎಂಬುದು ವೈದ್ಯಕೀಯ ಪದವಿ ಹಾಗೂ ಸ್ನಾತಕೋತ್ತರ ಪದವಿಯಲ್ಲಿ ಓದುತ್ತಿರುವವರ ದೈಹಿಕ ಆರೋಗ್ಯ, ಮಾನಸಿಕ ನೆಮ್ಮದಿ, ಸುರಕ್ಷತೆ ಮತ್ತು ಕಲಿಕೆಗೆ ಅನುಕೂಲವಾದ ವಾತಾವರಣ ಇವೆಲ್ಲವನ್ನೂ ಒಳಗೊಂಡ ಪರಿಕಲ್ಪನೆಯಾಗಿದೆ. ಆಪ್ತ ಸಮಾಲೋಚಕರ ನೇಮಕ, ಯೋಗ ತರಗತಿ, ವಾರ್ಷಿಕ ಕ್ರೀಡಾಕೂಟ ಇಷ್ಟಕ್ಕೇ ಇದನ್ನು ಸೀಮಿತಗೊಳಿಸುವ ರೂಢಿ ಬಹಳ ಕಡೆ ಇದೆ. ಆದರೆ ವಿದ್ಯಾರ್ಥಿಯ ದಿನಚರಿಯನ್ನು ನಿಜವಾಗಿ ರೂಪಿಸುವವು ಬೋಧನೆಯ ಭಾಷೆ, ಪರೀಕ್ಷೆಯ ಕ್ರಮ, ಆಸ್ಪತ್ರೆಯ ದುಡಿಮೆಯ ಅವಧಿ ಮತ್ತು ಕಾಲೇಜಿಗೂ ಮನೆಗೂ ಇರುವ ಅಂತರ. ಆದುದರಿಂದ ವೈದ್ಯಕೀಯ ಶಿಕ್ಷಣದ ಸುಧಾರಣೆ ಮತ್ತು ವಿದ್ಯಾರ್ಥಿಗಳ ಕ್ಷೇಮ ಇವನ್ನು ಎರಡು ಪ್ರತ್ಯೇಕ ವಿಷಯಗಳಾಗಿ ಕಾಣುವುದು ಸರಿಯಾಗದು. ಈ ಲೇಖನವು ಕರ್ನಾಟಕದ, ಅದರಲ್ಲಿಯೂ ವಿಜಯಪುರ ಜಿಲ್ಲೆಯ ಗ್ರಾಮೀಣ ವಿದ್ಯಾರ್ಥಿಗಳ ದೃಷ್ಟಿಯಿಂದ ಈ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಮಣಿಪಾಲದಲ್ಲಿ 1953ರಲ್ಲಿ, ಹುಬ್ಬಳ್ಳಿಯಲ್ಲಿ 1957ರಲ್ಲಿ, ಕಲಬುರಗಿ ಮತ್ತು ಬೆಳಗಾವಿಗಳಲ್ಲಿ 1963ರಲ್ಲಿ ಕಾಲೇಜುಗಳು ಹುಟ್ಟಿಕೊಂಡವು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿದ ಮೇಲೆ, ಅದುವರೆಗೆ ಧಾರವಾಡ, ಮೈಸೂರು ಮೊದಲಾದ ಸಾಮಾನ್ಯ ವಿಶ್ವವಿದ್ಯಾಲಯಗಳ ಅಧೀನದಲ್ಲಿದ್ದ ವೈದ್ಯಕೀಯ ಕಾಲೇಜುಗಳು ಒಂದೇ ಪರೀಕ್ಷಾ ವ್ಯವಸ್ಥೆಯ ಅಡಿಗೆ ಬಂದವು. ಇಂದು ರಾಜ್ಯದಲ್ಲಿ ಎಪ್ಪತ್ತರ ಆಸುಪಾಸಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ.

ನಮ್ಮ ಎಂ.ಬಿ.ಬಿ.ಎಸ್. ಪದವಿಯ ಚೌಕಟ್ಟಿನ ಹಿಂದೆ ಜಗತ್ತಿನ ಬೇರೆಡೆ ನಡೆದ ಚಿಂತನೆಯ ಪ್ರಭಾವವೂ ಇದೆ. 1910ರಲ್ಲಿ ಅಮೆರಿಕದ ಅಬ್ರಹಾಂ ಫ್ಲೆಕ್ಸ್‌ನರ್ ಅವರು ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ಪರಿಶೀಲಿಸಿ ವರದಿಯೊಂದನ್ನು ಪ್ರಕಟಿಸಿದರು. ಮೊದಲು ಪ್ರಯೋಗಾಲಯದಲ್ಲಿ ಮೂಲವಿಜ್ಞಾನ, ಅನಂತರ ಆಸ್ಪತ್ರೆಯಲ್ಲಿ ರೋಗಿಯ ಬಳಿ ಕಲಿಕೆ ಎಂಬ ವಿಭಾಗ ಕ್ರಮವನ್ನು ಆ ವರದಿ ಗಟ್ಟಿಗೊಳಿಸಿತು. ಫ್ಲೆಕ್ಸ್‌ನರ್ ವೈದ್ಯರಾಗಿರಲಿಲ್ಲ, ಲೂಯಿವಿಲ್ ನಗರದಲ್ಲಿ ಶಾಲೆ ನಡೆಸುತ್ತಿದ್ದ ಉಪಾಧ್ಯಾಯರಾಗಿದ್ದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವೈದ್ಯಕೀಯ ಶಿಕ್ಷಣವೂ ಮೂಲತಃ ಶಿಕ್ಷಣವೇ ಎಂಬುದನ್ನು ಅವರು ಮರೆಯಲಿಲ್ಲ.

ಅದೇ 1910ರಲ್ಲಿ ವಿಜಯಪುರದಲ್ಲಿ ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಸ್ಥಾಪನೆಗೊಂಡಿತು.

ವಿಜಯಪುರ ಜಿಲ್ಲೆ

ಜಿಲ್ಲೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್-ಅಮೀನ್ ವೈದ್ಯಕೀಯ ಕಾಲೇಜು 1984ರಲ್ಲಿಯೂ ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿಯೂ ಆರಂಭವಾದವು. ಎರಡೂ ಖಾಸಗಿ ಆಡಳಿತದವು. ಬಿ.ಎಲ್.ಡಿ.ಇ.ಗೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಡೀಮ್ಡ್ ವಿಶ್ವವಿದ್ಯಾಲಯಗಳ ಪ್ರವೇಶವು ಕೇಂದ್ರ ಸರ್ಕಾರದ ವೈದ್ಯಕೀಯ ಸಮಾಲೋಚನಾ ಸಮಿತಿಯ ಮೂಲಕ ಅಖಿಲ ಭಾರತ ಮಟ್ಟದಲ್ಲಿ ನಡೆಯುತ್ತದೆ. ಹೀಗಾಗಿ ವಿಜಯಪುರದ ವಸತಿ ನಿಲಯದಲ್ಲಿ ದೂರದ ರಾಜ್ಯಗಳ ವಿದ್ಯಾರ್ಥಿಗಳು ತಂಗಿ ಕನ್ನಡ ಕಲಿಯಲು ಹೆಣಗುತ್ತಿರುವಾಗ, ಇದೇ ಜಿಲ್ಲೆಯ ವಿದ್ಯಾರ್ಥಿ ರಾಯಚೂರಿನಲ್ಲೋ ಗದಗಿನಲ್ಲೋ ಮಂಡ್ಯದಲ್ಲೋ ಓದುತ್ತಿರುವುದು ಸಾಮಾನ್ಯವಾಗಿದೆ.

ಸರ್ಕಾರಿ ಕಾಲೇಜುಗಳು 2007ರ ಸುಮಾರಿಗೆ ರಾಯಚೂರು ಮತ್ತು ಬೀದರಿನಲ್ಲಿ, 2015ರ ಸುಮಾರಿಗೆ ಕೊಪ್ಪಳ ಮತ್ತು ಗದಗಿನಲ್ಲಿ, 2022ರಲ್ಲಿ ಯಾದಗಿರಿ ಮತ್ತು ಹಾವೇರಿಯಲ್ಲಿ ಬಂದವು. ವಿಜಯಪುರಕ್ಕೆ ಬರಲಿಲ್ಲ. ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಬದಲು ಸರ್ಕಾರವೇ ನಡೆಸುವ ಕಾಲೇಜು ಬೇಕೆಂದು 2025ರಲ್ಲಿ ನಗರದಲ್ಲಿ ದೀರ್ಘಕಾಲದ ಧರಣಿ ನಡೆಯಿತು. ನೆರೆಯ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಸಂವಿಧಾನದ 371-ಜೆ ವಿಧಿಯನ್ವಯ ಸೀಟುಗಳಲ್ಲಿ ಮೀಸಲಾತಿ ಇದೆ. ಹಿಂದೆ ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರಕ್ಕೆ ಅದು ಅನ್ವಯಿಸುವುದಿಲ್ಲ. ಮಳೆ, ಬೆಳೆ, ಬಡತನಗಳಲ್ಲಿ ಈ ಜಿಲ್ಲೆಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣುವುದು ಕಷ್ಟ. ಗಡಿರೇಖೆ ಮಾತ್ರ ಸ್ಪಷ್ಟವಾಗಿದೆ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣಾ ನದಿಯ ದಂಡೆಯ ಮೇಲಿರುವ ಗ್ರಾಮ. ನೀಲಾಂಬಿಕೆ ಮತ್ತು ಹಡಪದ ಅಪ್ಪಣ್ಣ ಇವರ ಐಕ್ಯಸ್ಥಳವೆಂದು ಶರಣ ಪರಂಪರೆಯಲ್ಲಿ ಹೆಸರಾಗಿದೆ. ಇಂಥ ಊರಿನ ಕನ್ನಡ ಶಾಲೆಯಲ್ಲಿ ಕಲಿತವರು ವೈದ್ಯರಾಗಬೇಕಾದರೆ ಪದವಿಪೂರ್ವ ವಿಜ್ಞಾನಕ್ಕೆ ಮುದ್ದೇಬಿಹಾಳ, ತಾಳಿಕೋಟೆ ಅಥವಾ ವಿಜಯಪುರಕ್ಕೆ ಹೋಗಬೇಕು. ನೀಟ್ ಪರೀಕ್ಷೆಗೆ ತರಬೇತಿ ಪಡೆಯಬೇಕು. ಸೀಟು ದೊರೆತ ಮೇಲೆ ಮತ್ತೊಂದು ಜಿಲ್ಲೆಗೆ ಹೊರಡಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚುವ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟು ಮೀಸಲಾತಿ ಇದೆ. ಒಳಗೆ ಬರಲು ಇದು ಬಾಗಿಲು ತೆರೆಯುತ್ತದೆ. ಒಳಗೆ ಬಂದವರು ಉಳಿದುಕೊಳ್ಳಲು ಬೇಕಾದ ವ್ಯವಸ್ಥೆ ಬೇರೆಯೇ ಆಗಿದೆ.

ಮೊದಲ ವರ್ಷ ಮತ್ತು ಭಾಷೆಯ ಪ್ರಶ್ನೆ

ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ ಎಂಬ ಮೂರು ವಿಷಯಗಳನ್ನು ಕಲಿಸಲಾಗುತ್ತದೆ. ವಿಷಯ ಕಠಿಣವೆಂಬುದಕ್ಕಿಂತ ಅದರ ಹೊಸ ಪದಗಳ ರಾಶಿ ವಿದ್ಯಾರ್ಥಿಯನ್ನು ತಬ್ಬಿಬ್ಬುಗೊಳಿಸುತ್ತದೆ. ಎಲುಬು, ಸ್ನಾಯು, ನರ, ರಕ್ತನಾಳ ಪ್ರತಿಯೊಂದಕ್ಕೂ ಲ್ಯಾಟಿನ್ ಅಥವಾ ಗ್ರೀಕ್ ಮೂಲದ ಹೆಸರು. ಇಂಗ್ಲಿಷ್ ಮಾಧ್ಯಮದವರಿಗೂ ಈ ಹೆಸರುಗಳು ಹೊಸವೇ. ಆದರೆ ಅವನ್ನು ವಿವರಿಸುವ ವಾಕ್ಯಗಳು ಅವರಿಗೆ ಹೊಸವಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಹೆಸರೂ ಹೊಸದು, ವಾಕ್ಯವೂ ಹೊಸದು.

ಇಲ್ಲಿ ಒಂದು ವಿಚಿತ್ರವಿದೆ. ಹತ್ತನೆಯ ತರಗತಿಯವರೆಗೆ ವಿದ್ಯಾರ್ಥಿ ಪಿತ್ತಜನಕಾಂಗ, ಮೇದೋಜೀರಕ ಗ್ರಂಥಿ, ಮೂತ್ರಪಿಂಡ ಎಂದು ಕಲಿತಿರುತ್ತಾನೆ. ಪದವಿಪೂರ್ವ ಹಂತದಲ್ಲಿ ವಿಜ್ಞಾನ ಇಂಗ್ಲಿಷಿನಲ್ಲಿ ನಡೆಯುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತದೆ. ಕಾಲೇಜು ಸೇರಿದೊಡನೆ ಮತ್ತೆ ಎಲ್ಲವೂ ಇಂಗ್ಲಿಷ್. ಮೂರನೆಯ ವರ್ಷದ ಹೊತ್ತಿಗೆ ವಾರ್ಡಿನಲ್ಲಿ ಎದುರಾಗುವ ರೋಗಿ ಈ ಎರಡೂ ಭಾಷೆಗಳನ್ನು ಬಿಟ್ಟು ಮೂರನೆಯದೊಂದನ್ನು ಆಡುತ್ತಾನೆ: ‘ಎದಿ ಹಿಡ್ದಂಗ ಆಗೈತಿ’, ‘ಕೈಕಾಲಾಗ ಕಸುವಿಲ್ಲ’, ‘ತಲಿ ತಿರಗತೈತಿ’. ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಲಾಗದೆ ತಡವರಿಸಿದ ವಿದ್ಯಾರ್ಥಿಗೆ ಈ ಮಾತುಗಳ ಅರ್ಥ ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಕಸುವಿಲ್ಲ ಎಂದರೆ ಆಯಾಸವೋ ಅಂಗದ ಬಲಹೀನತೆಯೋ ಎಂದು ಮರುಪ್ರಶ್ನೆ ಹಾಕುವುದೂ ಅವನಿಗೇ ಸುಲಭ. ಮೊದಲ ವರ್ಷದಲ್ಲಿ ಕೊರತೆಯೆಂದು ಲೆಕ್ಕಕ್ಕೆ ಹಿಡಿದದ್ದು ವಾರ್ಡಿನಲ್ಲಿ ಬಂಡವಾಳವಾಗುತ್ತದೆ. ತೊಂದರೆಯೆಂದರೆ ಮೊದಲ ವರ್ಷವನ್ನು ದಾಟದೆ ವಾರ್ಡಿನವರೆಗೆ ತಲುಪಲಾಗದು.

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಂತೆ ಮೊದಲ ವರ್ಷದ ಪರೀಕ್ಷೆಗೆ ನಾಲ್ಕಕ್ಕಿಂತ ಹೆಚ್ಚು ಅವಕಾಶಗಳಿಲ್ಲ. ಇಡೀ ಪದವಿಯನ್ನು ಪ್ರವೇಶದಿಂದ ಒಂಬತ್ತು ವರ್ಷಗಳೊಳಗೆ ಮುಗಿಸಬೇಕು. ಮಿತಿಯೊಂದು ಇರಬೇಕಾದದ್ದೇ. ಆದರೆ ನಾಲ್ಕು ಅವಕಾಶಗಳ ಎಣಿಕೆ ಆರಂಭವಾಗುವ ಮುನ್ನ ವಿದ್ಯಾರ್ಥಿಗೆ ಭಾಷೆಯ ನೆರವು ದೊರೆಯಿತೇ ಎಂಬ ಪ್ರಶ್ನೆಯನ್ನು ನಿಯಮ ಕೇಳುವುದಿಲ್ಲ. ಅನುತ್ತೀರ್ಣರಾದವರಿಗೆ ಕೆಲವು ವಾರಗಳಲ್ಲಿ ಪೂರಕ ಪರೀಕ್ಷೆ ಇರುತ್ತದೆ. ಅದರಲ್ಲಿಯೂ ತೇರ್ಗಡೆಯಾಗದವರು ಜೊತೆಯವರನ್ನು ಬಿಟ್ಟು ಕಿರಿಯರೊಂದಿಗೆ ಕುಳಿತುಕೊಳ್ಳಬೇಕಾಗುತ್ತದೆ. ಊರಿನಲ್ಲಿ ಆಗಲೇ ‘ಡಾಕ್ಟರ್’ ಎಂದು ಕರೆಸಿಕೊಳ್ಳತೊಡಗಿದ ಮಗುವಿಗೆ ಈ ಸುದ್ದಿಯನ್ನು ಮನೆಗೆ ಹೇಳುವುದು ಪರೀಕ್ಷೆಗಿಂತ ಕಷ್ಟ. ಹಬ್ಬಕ್ಕೂ ಊರಿಗೆ ಬಾರದಿರುವುದು, ಫೋನ್ ಮಾಡುವುದು ವಿರಳವಾಗುವುದು, ಓದು ಹೇಗಿದೆ ಎಂದರೆ ಮಾತು ತಿರುಗಿಸುವುದು, ಇವನ್ನು ಪಾಲಕರು ಓದಿನ ಶ್ರದ್ಧೆಯೆಂದು ತಿಳಿಯುವುದುಂಟು.

2019ರ ಹೊಸ ಪಠ್ಯಕ್ರಮವು ಈ ಕೊರತೆಯನ್ನು ಗುರುತಿಸಿ, ಪ್ರವೇಶದ ಬಳಿಕ ಒಂದು ತಿಂಗಳ ಬುನಾದಿ ತರಗತಿಯನ್ನು ಕಡ್ಡಾಯಗೊಳಿಸಿತು. ಭಾಷಾ ಕೌಶಲ, ಸ್ಥಳೀಯ ಭಾಷೆ, ಗಣಕಯಂತ್ರದ ಬಳಕೆ, ಒತ್ತಡ ಮತ್ತು ಸಮಯದ ನಿರ್ವಹಣೆ, ಕ್ರೀಡೆ ಇವೆಲ್ಲ ಅದರಲ್ಲಿದ್ದವು. ಪ್ರವೇಶ ಪ್ರಕ್ರಿಯೆ ವಿಳಂಬವಾದಂತೆ ಮುಂದಿನ ವರ್ಷಗಳಲ್ಲಿ ಇದರ ಅವಧಿ ಕಿರಿದಾಯಿತು. ತಡವಾದ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ ಎಂಬುದರಿಂದ ಒಂದು ವ್ಯವಸ್ಥೆ ಯಾವುದನ್ನು ಮುಖ್ಯವೆಂದು ಬಗೆದಿದೆ ಎಂಬುದು ತಿಳಿಯುತ್ತದೆ. ಸ್ಥಳೀಯ ಭಾಷೆಯ ತರಗತಿ ಹೊರರಾಜ್ಯದವರಿಗೆ ಕನ್ನಡ ಕಲಿಸುತ್ತದೆ. ಕನ್ನಡಿಗರಿಗೆ ಇಂಗ್ಲಿಷ್ ಪಠ್ಯವನ್ನು ಓದುವ ಅಭ್ಯಾಸವನ್ನು ವರ್ಷವಿಡೀ ಕೊಡುವ ಏರ್ಪಾಡು ಅಷ್ಟೇ ಅಗತ್ಯ. ಇದಕ್ಕೆ ದೊಡ್ಡ ಹಣ ಬೇಕಿಲ್ಲ: ವಾರಕ್ಕೆ ಎರಡು ಸಂಜೆ, ಕನ್ನಡದಲ್ಲಿ ವಿವರಿಸಬಲ್ಲ ಒಬ್ಬ ಅಧ್ಯಾಪಕ, ಹಿರಿಯ ವಿದ್ಯಾರ್ಥಿಗಳ ಸಣ್ಣ ಗುಂಪು ಇಷ್ಟಿದ್ದರೆ ಸಾಕಾಗುತ್ತದೆ.

ಮಧ್ಯಪ್ರದೇಶದಲ್ಲಿ 2022ರ ಅಕ್ಟೋಬರ್‌ನಲ್ಲಿ ಹಿಂದಿಯಲ್ಲಿ ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಬಿಡುಗಡೆ ಮಾಡಲಾಯಿತು. ಕನ್ನಡದಲ್ಲಿಯೂ ಹಾಗೆ ಮಾಡಬೇಕೇ ಎಂಬ ಚರ್ಚೆ ಇದೆ. ಸ್ನಾತಕೋತ್ತರ ಓದು, ಸಂಶೋಧನಾ ಪತ್ರಿಕೆಗಳು ಇಂಗ್ಲಿಷಿನಲ್ಲಿಯೇ ಇರುವುದರಿಂದ ಪೂರ್ಣ ಅನುವಾದಕ್ಕಿಂತ, ಇಂಗ್ಲಿಷ್ ಪಠ್ಯದ ಪಕ್ಕದಲ್ಲಿಟ್ಟುಕೊಂಡು ಓದಬಹುದಾದ ಕನ್ನಡ ವಿವರಣಾ ಪುಸ್ತಕಗಳು ಹೆಚ್ಚು ಪ್ರಯೋಜನಕಾರಿ ಎನ್ನಬಹುದು.

ಪಠ್ಯಕ್ರಮದ ಬದಲಾವಣೆಗಳು

ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ 2020ರ ಸೆಪ್ಟೆಂಬರ್ 25ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾರ್ಯನಿರ್ವಹಿಸುತ್ತಿದೆ. ಪರಿಷತ್ತು ಸಿದ್ಧಪಡಿಸಿದ ಸಾಮರ್ಥ್ಯಾಧಾರಿತ ಪಠ್ಯಕ್ರಮ 2019ರ ತಂಡದಿಂದ ಜಾರಿಗೆ ಬಂದಿತು. ಎಂ.ಬಿ.ಬಿ.ಎಸ್. ಅವಧಿ ನಾಲ್ಕೂವರೆ ವರ್ಷ, ಅನಂತರ ಒಂದು ವರ್ಷದ ಇಂಟರ್ನ್‌ಶಿಪ್. ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದಲೇ ರೋಗಿಯ ಸಂಪರ್ಕ ಒದಗಿಸಲಾಗುತ್ತದೆ. ಫ್ಲೆಕ್ಸ್‌ನರ್ ಎಳೆದ ಗೆರೆಯನ್ನು ನೂರು ವರ್ಷಗಳ ಬಳಿಕ ಸ್ವಲ್ಪ ಅಳಿಸಿದಂತಾಗಿದೆ. ಮನೋಭಾವ, ನೀತಿ ಮತ್ತು ಸಂವಹನ ಎಂಬ ಪಾಠಭಾಗವೂ ಸೇರಿದೆ. ರೋಗಿಯ ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಳುವ ಬಗೆಯನ್ನು ವಿದ್ಯಾರ್ಥಿ ಇಲ್ಲಿ ಅಭ್ಯಾಸ ಮಾಡುತ್ತಾನೆ. ಹಿಂದೆ ಇದನ್ನು ಯಾರೂ ಕಲಿಸುತ್ತಿರಲಿಲ್ಲ. ಹಿರಿಯರನ್ನು ನೋಡಿ ಕಲಿಯಬೇಕಿತ್ತು, ಹಿರಿಯರು ಒರಟಾಗಿದ್ದರೆ ಒರಟುತನವನ್ನೇ ಕಲಿಯುತ್ತಿದ್ದರು.

ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿ ಹಳ್ಳಿಯೊಂದರ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸಬೇಕು. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗೆ ತನ್ನ ತಿಳಿವಳಿಕೆಗೆ ಬೆಲೆ ಇದೆ ಎಂಬ ಅರಿವು ಹಲವೊಮ್ಮೆ ಮೊದಲು ಮೂಡುವುದು ಇಲ್ಲಿ. ನಗರದ ಸಹಪಾಠಿ ಅಂಗಳದಲ್ಲಿ ಏನು ಮಾತನಾಡಬೇಕೆಂದು ತಿಳಿಯದೆ ನಿಂತಾಗ, ಅವನು ಒಳಗೆ ಹೋಗಿ ಅಜ್ಜಿಯ ಪಕ್ಕ ಕುಳಿತಿರುತ್ತಾನೆ. ಈ ಭೇಟಿಗಳನ್ನು ದಿನಚರಿ ಪುಸ್ತಕದ ಸಹಿಗಾಗಿ ಮಾತ್ರ ನಡೆಸಿದರೆ ಈ ಲಾಭ ದೊರೆಯದು.

ಹಾಜರಾತಿ ತರಗತಿಗಳಲ್ಲಿ ಶೇಕಡಾ 75, ಪ್ರಾಯೋಗಿಕದಲ್ಲಿ ಶೇಕಡಾ 80 ಇರಬೇಕು. ಆಗಾಗ ನಡೆಯುವ ಆಂತರಿಕ ಪರೀಕ್ಷೆಗಳೂ ಹೆಚ್ಚಿವೆ. ನಿರಂತರ ಮೌಲ್ಯಮಾಪನ ವಾರ್ಷಿಕ ಪರೀಕ್ಷೆಯ ಭಯವನ್ನು ತಗ್ಗಿಸಬೇಕೆಂಬುದು ಆಶಯ. ಅಂಕಗಳನ್ನು ಫಲಕದಲ್ಲಿ ಹಾಕಿ ಹೋಲಿಸುವ ಕಡೆ ಭಯ ಒಂದು ದಿನದಿಂದ ಇಡೀ ವರ್ಷಕ್ಕೆ ಹರಡಿಕೊಳ್ಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಆರಂಭದ ವರ್ಷಗಳ ಶ್ರೇಣಿಗಳನ್ನು ಕೈಬಿಟ್ಟು ಉತ್ತೀರ್ಣ-ಅನುತ್ತೀರ್ಣ ಎಂದಷ್ಟೇ ಘೋಷಿಸಿ, ಪಠ್ಯದ ಹೊರೆ ಇಳಿಸಿ, ವಿದ್ಯಾರ್ಥಿ-ಅಧ್ಯಾಪಕರ ಸಣ್ಣ ಬಳಗಗಳನ್ನು ರಚಿಸಿದಾಗ ವಿದ್ಯಾರ್ಥಿಗಳಲ್ಲಿ ಖಿನ್ನತೆ ಮತ್ತು ಆತಂಕ ಕಡಿಮೆಯಾದುದು 2014ರಲ್ಲಿ ಪ್ರಕಟವಾಯಿತು. ಅಲ್ಲಿ ಬದಲಾದದ್ದು ವಿದ್ಯಾರ್ಥಿಗಳ ಮನೋಬಲವಲ್ಲ, ಕಾಲೇಜಿನ ಕ್ರಮ.

ದುಡಿಮೆಯ ಅವಧಿ

ಸ್ನಾತಕೋತ್ತರ ವಿದ್ಯಾರ್ಥಿಗಳು ಓದುವವರೂ ಹೌದು, ಆಸ್ಪತ್ರೆಯನ್ನು ನಡೆಸುವವರೂ ಹೌದು. ಅವರು ಎಷ್ಟು ಹೊತ್ತು ದುಡಿಯಬೇಕು ಎಂಬ ಪ್ರಶ್ನೆ ಹಳೆಯದು. ನ್ಯೂಯಾರ್ಕಿನಲ್ಲಿ 1984ರಲ್ಲಿ ಆಸ್ಪತ್ರೆ ಸೇರಿದ ಯುವತಿಯೊಬ್ಬಳ ಸಾವಿನ ತನಿಖೆಯ ಬಳಿಕ 1989ರಲ್ಲಿ ಆ ರಾಜ್ಯ ತರಬೇತಿ ವೈದ್ಯರ ದುಡಿಮೆಯನ್ನು ವಾರಕ್ಕೆ 80 ಗಂಟೆಗೆ ಮಿತಿಗೊಳಿಸಿತು. 2003ರಲ್ಲಿ ಅದು ಇಡೀ ಅಮೆರಿಕಕ್ಕೆ ಅನ್ವಯವಾಯಿತು.

ಭಾರತದಲ್ಲಿ 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಹೇಳಿತ್ತು. 2023ರ ಸ್ನಾತಕೋತ್ತರ ನಿಯಮಾವಳಿ ಗಂಟೆಗಳನ್ನು ಹೆಸರಿಸದೆ ‘ಸಮಂಜಸವಾದ’ ದುಡಿಮೆಯ ಅವಧಿ ಮತ್ತು ವಾರಕ್ಕೊಂದು ರಜೆ ಎಂದಿತು. 2024ರ ಕಾರ್ಯಪಡೆಯ ವರದಿ (ಅದರ ವಿವರ ಮುಂದಿದೆ) ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಇರಬೇಕು, ದಿನಕ್ಕೆ ಏಳೆಂಟು ಗಂಟೆಯ ನಿದ್ರೆ ಬೇಕು ಎಂದು ಶಿಫಾರಸು ಮಾಡಿತು. ಆರು ದಿನಗಳಿಗೆ ಹಂಚಿದರೆ 74 ಗಂಟೆ ಎಂಬುದು ದಿನಕ್ಕೆ ಹನ್ನೆರಡು ಗಂಟೆಗೂ ತುಸು ಹೆಚ್ಚು. ಮೂವತ್ತೆರಡು ವರ್ಷಗಳಲ್ಲಿ ಕಾಗದದ ಮೇಲಿನ ಮಿತಿ 48ರಿಂದ 74ಕ್ಕೆ ಏರಿದೆ; ಆದರೂ ಇದನ್ನು ಸುಧಾರಣೆಯೆಂದು ಸ್ವಾಗತಿಸಿದ್ದಕ್ಕೆ ಕಾರಣ, ವಾಸ್ತವದ ದುಡಿಮೆ ಎರಡನ್ನೂ ಮೀರಿ ನಡೆದಿರುವುದೇ ಆಗಿದೆ. ಪಾಳಿಯ ದಾಖಲೆಯನ್ನು ಹೊರಗಿನವರು ಪರಿಶೀಲಿಸುವ ಏರ್ಪಾಡು ಇಲ್ಲದೆ ಯಾವ ಸಂಖ್ಯೆಯೂ ಕೆಲಸ ಮಾಡುವುದಿಲ್ಲ. ವಿಭಾಗದ ಮುಖ್ಯಸ್ಥರೇ ಪರೀಕ್ಷಕರೂ ಪ್ರಬಂಧ ಮಾರ್ಗದರ್ಶಕರೂ ಆಗಿರುವಾಗ ದೂರು ಕೊಡುವ ಧೈರ್ಯವನ್ನು ವಿದ್ಯಾರ್ಥಿಯಿಂದ ನಿರೀಕ್ಷಿಸಲಾಗದು.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ, ದೀರ್ಘ ಪಾಳಿಯ ನಡುವೆ ಮಲಗಲು ಸುರಕ್ಷಿತ ಕೊಠಡಿಯೂ ಇಲ್ಲದ ಸ್ಥಿತಿಯನ್ನು ದೇಶದ ಮುಂದಿಟ್ಟಿತು. ಚಿಲಕವಿರುವ ವಿಶ್ರಾಂತಿ ಕೊಠಡಿ, ಶೌಚಾಲಯ, ರಾತ್ರಿ ವಸತಿ ನಿಲಯಕ್ಕೆ ಹೋಗುವ ದಾರಿಯಲ್ಲಿ ದೀಪ ಇವು ಕ್ಷೇಮದ ಮೊದಲ ಪಟ್ಟಿಯಲ್ಲಿರಬೇಕಾದ ಸಂಗತಿಗಳು.

ರ‍್ಯಾಗಿಂಗ್

1983ರ ಕರ್ನಾಟಕ ಶಿಕ್ಷಣ ಕಾಯಿದೆಯ 116ನೆಯ ಕಲಮು ರ‍್ಯಾಗಿಂಗ್ ಅನ್ನು ಅಪರಾಧವೆಂದು ಪರಿಗಣಿಸುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ, ವೈದ್ಯಕೀಯ ಆಯೋಗ 2021ರಲ್ಲಿ ಪ್ರತ್ಯೇಕ ನಿಯಮಗಳನ್ನು ತಂದವು. ರಾಷ್ಟ್ರೀಯ ಸಹಾಯವಾಣಿ 1800-180-5522. ಗ್ರಾಮೀಣ ವಿದ್ಯಾರ್ಥಿಯ ಮಟ್ಟಿಗೆ ಇದು ಹೊಡೆತ ಬಡಿತದ ರೂಪದಲ್ಲಿಯೇ ಬರಬೇಕೆಂದಿಲ್ಲ. ಇಂಗ್ಲಿಷ್ ಉಚ್ಚಾರವನ್ನು, ಉಡುಪನ್ನು, ಆಡುಮಾತನ್ನು ಅಣಕಿಸುವುದು ಸಾಕು. ಅವನು ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾನೆ.

ಮಾನಸಿಕ ಆರೋಗ್ಯ ಮತ್ತು ನೆರವು

2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ವೈದ್ಯ ವಿದ್ಯಾರ್ಥಿಗಳಲ್ಲಿ ಶೇಕಡಾ 27.2ರಷ್ಟು ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿವೆಯೆಂದು ಅಂದಾಜು ಮಾಡಿತು. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಾಧ್ಯಾಪಕರ ಅಧ್ಯಕ್ಷತೆಯಲ್ಲಿ ಆನ್‌ಲೈನ್ ಸಮೀಕ್ಷೆ ನಡೆಸಿ 2024ರಲ್ಲಿ ವರದಿ ನೀಡಿತು. 25,590 ಪದವಿ ವಿದ್ಯಾರ್ಥಿಗಳೂ 5,337 ಸ್ನಾತಕೋತ್ತರ ವಿದ್ಯಾರ್ಥಿಗಳೂ ಉತ್ತರಿಸಿದ್ದರು. ಪದವಿ ವಿದ್ಯಾರ್ಥಿಗಳಲ್ಲಿ ಶೇಕಡಾ 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆಯೆಂದು ತಿಳಿಸಿದರು; ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡಾ 31ಕ್ಕೂ ಹೆಚ್ಚು ಮಂದಿ ಆತ್ಮಹತ್ಯೆಯ ಆಲೋಚನೆ ಬಂದದ್ದನ್ನು ಹೇಳಿಕೊಂಡರು. ಸ್ವಇಚ್ಛೆಯಿಂದ ಉತ್ತರಿಸಿದವರ ಸಮೀಕ್ಷೆಯಾದುದರಿಂದ ಈ ಪ್ರಮಾಣವನ್ನು ಎಲ್ಲ ವಿದ್ಯಾರ್ಥಿಗಳಿಗೂ ಹಾಗೆಯೇ ಅನ್ವಯಿಸಲಾಗದು. ಅಷ್ಟು ಸಂಖ್ಯೆಯವರು ಹೆಸರಿಲ್ಲದ ಅರ್ಜಿಯಲ್ಲಿ ಹೇಳಿಕೊಂಡದ್ದನ್ನು ಕಾಲೇಜಿನಲ್ಲಿ ಯಾರ ಬಳಿಯೂ ಹೇಳಿರಲಿಲ್ಲವೇಕೆ ಎಂಬುದು ಯೋಚಿಸಬೇಕಾದ ಮಾತು.

ಕಾರಣ ಊಹಿಸುವುದು ಕಷ್ಟವಲ್ಲ. ಸ್ವಂತ ಕಾಲೇಜಿನ ಮನೋವೈದ್ಯರೇ ಮುಂದೆ ಅವನ ಪಾಠ ಮತ್ತು ಪರೀಕ್ಷೆಯ ಗುರುಗಳು. ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಯುವವರು ಪರಿಚಿತರು. ಸಾಲಿನಲ್ಲಿ ಹಿಂದೆ ನಿಂತವರು ಕಿರಿಯರು. ಆದುದರಿಂದ ಕಾಲೇಜಿನ ಬೋಧಕ ವರ್ಗಕ್ಕೆ ಸೇರದ ಸಮಾಲೋಚಕರು, ಆಸ್ಪತ್ರೆಯ ಕಟ್ಟಡದಿಂದ ಬೇರೆಯಾದ ಕೊಠಡಿ, ಶೈಕ್ಷಣಿಕ ಕಡತಕ್ಕೆ ಸೇರದ ದಾಖಲೆ ಈ ಮೂರೂ ಇದ್ದರೆ ಮಾತ್ರ ವಿದ್ಯಾರ್ಥಿಗಳು ಬರುತ್ತಾರೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ಮಾರ್ಗಸೂಚಿ ನೀಡಿದೆ. ಜಾಗತಿಕ ವೈದ್ಯಕೀಯ ಸಂಘವು 2017ರಲ್ಲಿ ಜಿನೀವಾ ಘೋಷಣೆಯನ್ನು ಪರಿಷ್ಕರಿಸಿ, ವೈದ್ಯನು ತನ್ನ ಸ್ವಂತ ಆರೋಗ್ಯದ ಕಡೆಗೂ ಗಮನ ಕೊಡುವ ಪ್ರತಿಜ್ಞೆಯನ್ನು ಅದರಲ್ಲಿ ಸೇರಿಸಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯ ಬದಲು ಆರೈಕೆಗೆ ಒಳಪಡಿಸುತ್ತದೆ. ಪೊಲೀಸರ ಭಯದಿಂದ ಚಿಕಿತ್ಸೆ ಮುಚ್ಚಿಡುವ ಅಗತ್ಯವಿಲ್ಲವೆಂಬುದನ್ನು ಪಾಲಕರೂ ತಿಳಿದಿರಬೇಕು.

ಕೇಂದ್ರ ಸರ್ಕಾರದ ಟೆಲಿ ಮನಸ್ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ವಿದ್ಯಾರ್ಥಿಯಂತೆಯೇ ಅವನ ಬಗ್ಗೆ ಚಿಂತೆಗೊಂಡ ತಂದೆ, ತಾಯಿ, ಗೆಳೆಯರೂ ಕರೆ ಮಾಡಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಖಿನ್ನತೆ, ಆತಂಕ, ಪರೀಕ್ಷಾ ಭಯ ಮೊದಲಾದ ವಿಷಯಗಳ ಮೇಲೆ ಸರಳ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಮಗ ಅಥವಾ ಮಗಳು ಊರಿಗೆ ಬರುವುದನ್ನು ಏಕೆ ನಿಲ್ಲಿಸಿದರೆಂದು ತಿಳಿಯದೆ ಕುಳಿತಿರುವ ಮನೆಯವರು ಓದಬಹುದಾದ ಪುಸ್ತಕಗಳಿವು.